ಚೀನಾದ ಹಳೇ ಕೋಟೆಗಳನ್ನು ಮಕ್ಕಳಿಗೆ ಕಲಿಸುವುದು ಹೇಗೆ: ಮಣ್ಣು ಬಡಿಯುವುದರಿಂದ ಶುರು

ಚೀನಾದ ಮಹಾಗೋಡೆಯ ಪಾಠ ಮುಗಿದು ತಿಂಗಳಾದ ಮೇಲೆ ಮಕ್ಕಳನ್ನು ಕೇಳಿ ನೋಡಿ. ಜಾಸ್ತಿ ಮಕ್ಕಳು ಹೇಳೋದು ಮೂರೇ ಮಾತು. ಒಬ್ಬ ರಾಜ ಕಟ್ಟಿಸಿದ. ಅದು ಒಂದೇ ಉದ್ದನೆಯ ಗೋಡೆ. ಚಂದ್ರನಿಂದ ನೋಡಿದರೂ ಕಾಣುತ್ತದೆ. ಮೂರೂ ತಪ್ಪು. ಮೇಷ್ಟ್ರು ಕಷ್ಟಪಟ್ಟು ವಿಡಿಯೊ ತೋರಿಸಿರುತ್ತಾರೆ, ಥರ್ಮೋಕೋಲ್ ಮಾಡೆಲ್ ಮಾಡಿಸಿರುತ್ತಾರೆ. ಆದರೂ ಹೀಗೇ ಆಗುತ್ತದೆ.

ತೊಂದರೆ ಇರುವುದು ಪಾಠದ ಸರದಿಯಲ್ಲಿ. ಬೆಟ್ಟದ ಮೇಲಿನ ಇಟ್ಟಿಗೆ ಗೋಡೆಯ ಫೋಟೊ ಮೊದಲು ತೋರಿಸಿದರೆ ಅದೇ ಮಕ್ಕಳ ತಲೆಯಲ್ಲಿ ಕೂತುಬಿಡುತ್ತದೆ. ಆಮೇಲೆ ನೀವು ಯಾವ ರಾಜವಂಶದ ಬಗ್ಗೆ ಹೇಳಿದರೂ ಅವರ ಕಣ್ಣ ಮುಂದೆ ಬರೋದು ಆ ಫೋಟೊನೇ. ಅದಕ್ಕೇ ಇಲ್ಲಿ ಸರದಿ ಬೇರೆ ಇದೆ: ಮೊದಲು ಮಣ್ಣು, ಆಮೇಲೆ ಊರ ಕೋಟೆ, ಮುತ್ತಿಗೆ, ಕಾಲದ ಲೆಕ್ಕ, ಗಡಿ, ಕೊನೆಗೆ ಗೋಡೆ ಕೈಕೊಟ್ಟ ದಿನಗಳು. ಇದು 6ರಿಂದ 9ನೇ ತರಗತಿಗೆ ಸರಿಹೊಂದುತ್ತದೆ. 40 ನಿಮಿಷದ ಏಳೆಂಟು ಪೀರಿಯಡ್ ಬೇಕು. ಎರಡನ್ನು ಬಯಲಿನಲ್ಲೇ ಮಾಡಬೇಕು.

## ಮೊದಲು ಕೂಡಿಸಿಕೊಳ್ಳಬೇಕಾದ ಸಾಮಾನು

ಐದಾರು ಮಕ್ಕಳ ಒಂದು ಗುಂಪಿಗೆ ಇಷ್ಟು ಬೇಕು. 45 ಸೆಂ.ಮೀ. ಉದ್ದದ ಎರಡು ಹಲಗೆ, 15 ಸೆಂ.ಮೀ. ಉದ್ದದ ಎರಡು ತುಂಡು ಹಲಗೆ. ನಾಲ್ಕೂ 20 ಸೆಂ.ಮೀ. ಎತ್ತರ ಇರಲಿ, ದಪ್ಪ ಒಂದು ಇಂಚಿಗಿಂತ ಕಡಿಮೆ ಬೇಡ. ಸೆಂಟ್ರಿಂಗ್ ಕೆಲಸದವರ ಹತ್ತಿರ ಹಳೇ ಹಲಗೆ ಸಿಗುತ್ತವೆ. ಗಟ್ಟಿ ಹಗ್ಗ ನಾಲ್ಕು ಮೀಟರ್. ಮಣ್ಣು ಬಡಿಯಲು ಒಂದು ದಿಮ್ಮಸು. ಅದು ಸಿಗದಿದ್ದರೆ ಎರಡು ಕೆಜಿ ತೂಗುವ, ತುದಿ ಚಪ್ಪಟೆಯಾದ ಮರದ ಕೊರಡು ಸಾಕು. ಜರಡಿ, ಬಾಂಡ್ಲಿ, ನೀರಿಗೆ ಒಂದು ಮಗ್ಗು, ಸ್ಕೇಲು. ಮಣ್ಣು ಸುಮಾರು 15 ಕೆಜಿ.

ಇಡೀ ತರಗತಿಗೆ ಸೇರಿ 10 ಮೀಟರ್ ಹಗ್ಗ, ಬಟ್ಟೆ ಒಣಹಾಕುವ ಕ್ಲಿಪ್ಪುಗಳು, ಸೀಮೆಸುಣ್ಣ, ಹಳೇ ಪೇಪರು, ಬಣ್ಣದ ಬಟ್ಟೆ ತುಂಡುಗಳು, ಒಂದು ದೊಡ್ಡ ಗಡಿಗೆ, ತೆಳುವಾದ ಬಿದಿರಿನ ಪಟ್ಟಿಗಳು, ದಾರ. ಏಷ್ಯಾದ ಭೌಗೋಳಿಕ ನಕ್ಷೆ ಒಂದು. ದೇಶಗಳ ಗಡಿ ಮಾತ್ರ ಇರುವ ನಕ್ಷೆ ಸಾಲದು. ಬೆಟ್ಟ, ಮರುಭೂಮಿ, ನದಿ ಕಾಣಬೇಕು.

ಮಣ್ಣಿನ ವಿಷಯದಲ್ಲಿ ಹುಷಾರು. ಎರೆಮಣ್ಣು ತರಬೇಡಿ. ಅದು ನೀರು ಕುಡಿದು ಉಬ್ಬುತ್ತದೆ, ಒಣಗಿದಾಗ ಬಿರುಕು ಬಿಡುತ್ತದೆ. ಕೆಂಪು ಮಣ್ಣು ಒಳ್ಳೆಯದು. ಮೇಲಿನ ಒಂದಡಿ ಬಿಟ್ಟು ಕೆಳಗಿನದನ್ನು ತೆಗೆಸಿ, ಯಾಕೆಂದರೆ ಮೇಲ್ಮಣ್ಣಿನಲ್ಲಿ ಬೇರು, ಕಸ ಜಾಸ್ತಿ. ಕೈಗೆ ಬಹಳ ಅಂಟುತ್ತಿದ್ದರೆ ಎರಡು ಪಾಲು ಮಣ್ಣಿಗೆ ಒಂದು ಪಾಲು ಮರಳು ಸೇರಿಸಿ.

## ಹಂತ 1: ತಲೆಯಲ್ಲಿರುವ ಚಿತ್ರ ಕಾಗದಕ್ಕೆ ಬರಲಿ

ಮೊದಲ ಹತ್ತು ನಿಮಿಷ ಏನೂ ಹೇಳಬೇಡಿ. "ಚೀನಾದ ಕೋಟೆ ಅಂದರೆ ಹೇಗಿರುತ್ತೆ? ಚಿತ್ರ ಬರೆದು, ಯಾವುದರಿಂದ ಕಟ್ಟಿದ್ದು, ಯಾರು ಕಟ್ಟಿದ್ದು ಅಂತ ಪಕ್ಕದಲ್ಲಿ ಬರೀರಿ" ಅನ್ನಿ. ಹೆಸರು ಹಾಕಿಸಿ, ಮಡಚಿಸಿ, ತೆಗೆದಿಡಿ.

ಇಲ್ಲಿ ಎಲ್ಲರೂ ಮಾಡುವ ತಪ್ಪು ಅಂದರೆ ಅಲ್ಲೇ ತಿದ್ದಲು ಹೋಗುವುದು. ತಿದ್ದಿದರೆ ಮಕ್ಕಳು ನಿಮ್ಮ ಮಾತನ್ನು ಬರೆದುಕೊಳ್ಳುತ್ತಾರೆ, ತಮ್ಮ ಚಿತ್ರವನ್ನು ಬಿಡುವುದಿಲ್ಲ. ಈ ಕಾಗದ ಕೊನೇ ದಿನ ಬೇಕಾಗುತ್ತದೆ.

## ಹಂತ 2: ಮಣ್ಣು ಬಡಿಯುವುದು

ಇಡೀ ಪಾಠದ ಬುಡ ಇದು. ಒಂದೂವರೆ ಪೀರಿಯಡ್ ಹೋದರೂ ಪರವಾಗಿಲ್ಲ.

ಚೀನಾದಲ್ಲಿ ಹಳದಿ ನದಿಯ ಸುತ್ತಲಿನ ನೆಲದ ತುಂಬ ಗಾಳಿ ಹೊತ್ತು ತಂದು ಹಾಸಿದ ನುಣುಪಾದ ಮಣ್ಣು. ಅದರ ಬಹುಪಾಲು ಕಡೆ ಕಲ್ಲು ಸುಲಭವಾಗಿ ಸಿಗುವುದಿಲ್ಲ. ಹಾಗಾಗಿ ಅಲ್ಲಿಯವರು ಹಲಗೆ ಕಟ್ಟಿ, ನಡುವೆ ಮಣ್ಣು ಸುರಿದು, ಬಡಿದು ಬಡಿದು ಗೋಡೆ ಎಬ್ಬಿಸಿದರು. ಈ ಕಟ್ಟುವಿಕೆಗೆ ಅಲ್ಲಿ ಹಾಂಗ್‌ತು ಎನ್ನುತ್ತಾರೆ. ಹೆನಾನ್ ಪ್ರಾಂತ್ಯದ ಜೆಂಗ್‌ಜೌ ನಗರದ ನಡುವೆ, ಕ್ರಿ.ಪೂ. 1500ರ ಹೊತ್ತಿನ, ಶಾಂಗ್ ರಾಜವಂಶದ ಕಾಲದ ಇಂಥ ಗೋಡೆ ಇವತ್ತಿಗೂ ನಿಂತಿದೆ. ಸುತ್ತಳತೆ ಸುಮಾರು 7 ಕಿ.ಮೀ. ಗೋಡೆಯನ್ನು ಸೀಳಿ ನೋಡಿದರೆ 8–10 ಸೆಂ.ಮೀ. ದಪ್ಪದ ಪದರಗಳು, ಪದರದ ಮೇಲೆ ಬಡಿಗೆಯ ದುಂಡನೆ ಗುರುತುಗಳು ಕಾಣುತ್ತವೆ. ಆದರೆ ಇದನ್ನು ಈಗಲೇ ಹೇಳಬೇಡಿ. ಕೆಲಸ ಮುಗಿದ ಮೇಲೆ ಹೇಳಿ.

ತೇವ ನೋಡುವುದು. ಜರಡಿ ಹಿಡಿದ ಮಣ್ಣಿಗೆ ನೀರು ಚಿಮುಕಿಸಿ ಕಲಸಿ. ಒಂದು ಹಿಡಿ ತೆಗೆದುಕೊಂಡು ಉಂಡೆ ಕಟ್ಟಿ, ಭುಜದ ಎತ್ತರದಿಂದ ಗಟ್ಟಿ ನೆಲಕ್ಕೆ ಬಿಡಿ. ನಾಲ್ಕೈದು ತುಂಡಾದರೆ ಹದ ಸರಿ. ಪುಡಿಪುಡಿಯಾದರೆ ನೀರು ಸಾಲದು. ಒಡೆಯದೆ ಚಪ್ಪಟೆಯಾಗಿ ಕೂತರೆ ನೀರು ಜಾಸ್ತಿ. ತೂಕದ ಲೆಕ್ಕದಲ್ಲಿ ನೂರಕ್ಕೆ ಹತ್ತು ಪಾಲಿನ ಆಸುಪಾಸು ನೀರಿದ್ದರೆ ಸಾಕು. ಮಡಕೆ ಮಾಡುವ ಮಣ್ಣಿಗಿಂತ ಇದು ತುಂಬಾ ಒಣಗಿರುತ್ತದೆ. ಮಕ್ಕಳು ಇದನ್ನು ನಂಬುವುದಿಲ್ಲ, ಇನ್ನೊಂದು ಮಗ್ಗು ಸುರಿಯಲು ನೋಡುತ್ತಾರೆ. ಮಗ್ಗು ನಿಮ್ಮ ಕೈಯಲ್ಲೇ ಇರಲಿ.

ಹಲಗೆ ಕಟ್ಟುವುದು. ಉದ್ದದ ಹಲಗೆಗಳ ನಡುವೆ ತುಂಡು ಹಲಗೆಗಳನ್ನು ನಿಲ್ಲಿಸಿ. ಒಳಗೆ 30 ಸೆಂ.ಮೀ. ಉದ್ದ, 15 ಸೆಂ.ಮೀ. ಅಗಲದ ಜಾಗ ಆಗಬೇಕು. ಹೊರಗೆ ಚಾಚಿದ ತುದಿಗಳಿಗೆ ಹಗ್ಗ ಸುತ್ತಿ ಬಿಗಿಯಿರಿ. ಮೊಳೆ ಹೊಡೆಯಬೇಡಿ. ಹಳೇ ಕಾಲದಲ್ಲೂ ಹಗ್ಗದಿಂದಲೇ ಬಿಗಿದು, ಒಂದು ಅಂಕಣ ಮುಗಿದ ಮೇಲೆ ಬಿಚ್ಚಿ ಮುಂದಕ್ಕೆ ಒಯ್ಯುತ್ತಿದ್ದರು. ಮೊಳೆ ಹೊಡೆದರೆ ಹಲಗೆ ಬಿಚ್ಚುವಾಗ ಮಣ್ಣಿನ ಗಟ್ಟಿಯ, ಅಂದರೆ ಬಡಿದು ಮಾಡಿದ ತುಂಡಿನ, ಮೂಲೆ ಕಿತ್ತುಬರುತ್ತದೆ.

ಬಡಿಯುವುದು. ಒಂದು ಸಲಕ್ಕೆ 5 ಸೆಂ.ಮೀ.ಗಿಂತ ಜಾಸ್ತಿ ಮಣ್ಣು ಹಾಕಬಾರದು. ಅದು ಬಡಿದು ಬಡಿದು 3 ಸೆಂ.ಮೀ.ಗೆ ಇಳಿಯಬೇಕು. ಮೂಲೆಯಿಂದ ಶುರುಮಾಡಿ ನಡುವಿಗೆ ಬನ್ನಿ. ಮೊದಲು 'ಧಪ್ ಧಪ್' ಎಂದು ಮೆತ್ತಗೆ ಸದ್ದು ಬರುತ್ತದೆ. ಮಣ್ಣು ಗಟ್ಟಿಯಾದಂತೆ ಸದ್ದು ಚುರುಕಾಗಿ 'ಟಣ್' ಎನ್ನುವ ಹತ್ತಿರಕ್ಕೆ ಬರುತ್ತದೆ. ಸದ್ದು ಬದಲಾದ ಮೇಲೇ ಮುಂದಿನ ಪದರ. ಎಲ್ಲ ಗುಂಪನ್ನೂ ಒಂದು ನಿಮಿಷ ಸುಮ್ಮನಿರಿಸಿ, ಒಂದೇ ಗುಂಪಿನ ಸದ್ದು ಕೇಳಿಸಿ. ಮಕ್ಕಳು ಆಮೇಲೆ ತಾವೇ ಕಿವಿಗೊಟ್ಟು ಕೆಲಸ ಮಾಡುತ್ತಾರೆ. ಐದು ಪದರಕ್ಕೆ 15 ಸೆಂ.ಮೀ. ಎತ್ತರದ ಗಟ್ಟಿ ಬರುತ್ತದೆ.

ಹಲಗೆ ಬಿಚ್ಚುವುದು. ತಕ್ಷಣ ಬಿಚ್ಚಬಹುದು. ಹಲಗೆಯನ್ನು ಪಕ್ಕಕ್ಕೆ ಜಾರಿಸಿ, ಎದುರಿಗೆ ಕೀಳಬೇಡಿ. ಪದರದ ಗೆರೆಗಳು ಎದ್ದು ಕಾಣುತ್ತವೆ. ಈಗ ಜೆಂಗ್‌ಜೌ ಗೋಡೆಯ ಪದರಗಳ ಚಿತ್ರ ತೋರಿಸಿ. "ಮಿಸ್, ನಮ್ಮದೂ ಹಿಂಗೇ ಇದೆ" ಎಂದು ಅವರೇ ಹೇಳಬೇಕು.

ಎಚ್ಚರಿಕೆಯ ಗುರುತುಗಳು: ದಿಮ್ಮಸು ಬಿದ್ದಾಗ ಪಕ್ಕದ ಮಣ್ಣು ರಬ್ಬರಿನಂತೆ ಮೇಲೆದ್ದರೆ ನೀರು ಜಾಸ್ತಿಯಾಗಿದೆ. ಆ ಪದರ ತೆಗೆದು ಒಣಮಣ್ಣು ಸೇರಿಸಿ. ಪದರಗಳು ಬಿಸ್ಕತ್ತಿನಂತೆ ಬಿಡಿಬಿಡಿಯಾಗಿ ಏಳುತ್ತಿದ್ದರೆ ತಳದ ಪದರ ಒಣಗಿದ ಮೇಲೆ ಮುಂದಿನದು ಹಾಕಿದ್ದೀರಿ. ಮೇಲೆ ಗೀಚಿ, ಸ್ವಲ್ಪ ನೀರು ಚಿಮುಕಿಸಿ ಮುಂದುವರಿಸಿ. ಒಬ್ಬರು ಬಡಿಯುವಾಗ ಇನ್ನೊಬ್ಬರ ಕೈ ಹಲಗೆಯೊಳಗೆ ಇರಕೂಡದು. ಚಪ್ಪಲಿ ಬೇಡ, ಶೂ ಇರಲಿ.

ಆಮೇಲೆ ಲೆಕ್ಕ. ನಿಮ್ಮ ಗಟ್ಟಿ 6,750 ಘನ ಸೆಂ.ಮೀ. ಅಂದಾಜಿಗೆ ಆ ಜೆಂಗ್‌ಜೌ ಗೋಡೆಯ ಸರಾಸರಿ ಅಗಲ 10 ಮೀಟರ್, ಎತ್ತರ 8 ಮೀಟರ್ ಅಂತ ಇಟ್ಟುಕೊಳ್ಳಿ. ಒಂದೇ ಒಂದು ಮೀಟರ್ ಉದ್ದಕ್ಕೆ ಇಂಥ ಸುಮಾರು 11,850 ಗಟ್ಟಿ ಬೇಕು. 7 ಕಿ.ಮೀ.ಗೆ 8.3 ಕೋಟಿ. ಬೋರ್ಡಿನ ಮೇಲೆ ಮಕ್ಕಳೇ ಲೆಕ್ಕ ಮಾಡಲಿ. ಅರ್ಧ ಗಂಟೆ ಮಣ್ಣು ಬಡಿದು ಕೈ ನೋಯಿಸಿಕೊಂಡ ಮಗುವಿಗೆ ಆ ಸಂಖ್ಯೆಯ ಭಾರ ಗೊತ್ತಾಗುತ್ತದೆ. "ಗೋಡೆ ಕಟ್ಟಲು ಸಾವಿರಾರು ಜನ ದುಡಿದರು" ಅನ್ನುವ ಸಾಲು ಓದಿದರೆ ಗೊತ್ತಾಗುವುದಿಲ್ಲ.

ಗಟ್ಟಿಯನ್ನು ನೆರಳಿನಲ್ಲಿ ಒಣಗಲು ಬಿಡಿ. ಒಂದು ವಾರ ಬಿಟ್ಟು ಮೇಲಿನಿಂದ ನೀರು ಚಿಮುಕಿಸಿ. ಮೇಲ್ಭಾಗ, ಅಂಚುಗಳು ಮೊದಲು ಕರಗುತ್ತವೆ. ಮಣ್ಣಿನ ಗೋಡೆಯ ಬುಡ ಯಾಕೆ ಅಷ್ಟು ಅಗಲ, ಮುಂದೆ ಮಿಂಗ್ ರಾಜವಂಶದ ಕಾಲದವರು ಮಣ್ಣಿನ ಗೋಡೆಗೆ ಯಾಕೆ ಇಟ್ಟಿಗೆಯ ಕವಚ ಹೊದಿಸಿದರು ಅನ್ನೋದು ಆಗ ಬಿಡಿಸಿ ಹೇಳಬೇಕಾಗಿಲ್ಲ.

## ಹಂತ 3: ಊರ ಕೋಟೆ, ಆಟದ ಬಯಲಿನಲ್ಲಿ

ಮಹಾಗೋಡೆಗೆ ಇನ್ನೂ ಹೋಗಬೇಡಿ. ಚೀನಾದಲ್ಲಿ ಊರ ಸುತ್ತ ಕೋಟೆ ಕಟ್ಟುವುದು ಗಡಿಗೋಡೆಗಿಂತ ಎರಡು ಸಾವಿರ ವರ್ಷಕ್ಕೂ ಹಳೆಯದು. ಹಾಂಗ್‌ಜೌ ಹತ್ತಿರದ ಲಿಯಾಂಗ್‌ಜೂ ಕೋಟೆ ಕ್ರಿ.ಪೂ. 3000ದ ಹೊತ್ತಿನದು. ಊರು ಗೊತ್ತಾದರೆ ಗಡಿ ಗೊತ್ತಾಗುತ್ತದೆ.

ಶಿಆನ್ ನಗರದ ಕೋಟೆಯನ್ನು ಇಟ್ಟುಕೊಳ್ಳಿ. 1370ರ ದಶಕದಲ್ಲಿ ಮಿಂಗ್ ಕಾಲದಲ್ಲಿ ಕಟ್ಟಿದ್ದು, ಪೂರ್ತಿಯಾಗಿ ಉಳಿದಿದೆ. ಸುತ್ತಳತೆ 13.74 ಕಿ.ಮೀ., ಎತ್ತರ 12 ಮೀಟರ್, ಬುಡದಲ್ಲಿ 15–18 ಮೀಟರ್ ಅಗಲ, ಮೇಲೆ 12–14 ಮೀಟರ್. ಗೋಡೆಯಿಂದ ಹೊರಕ್ಕೆ ಚಾಚಿದ 98 ಕೊತ್ತಲಗಳಿವೆ. ಚೀನೀಯರು ಇವಕ್ಕೆ 'ಕುದುರೆ ಮುಖ' ಎನ್ನುತ್ತಾರೆ. ಒಂದೊಂದೂ ಸುಮಾರು 20 ಮೀಟರ್ ಅಗಲ.

ಮೊದಲು ಕೊತ್ತಲವಿಲ್ಲದ ನೇರ ಗೋಡೆಯನ್ನು ಸೀಮೆಸುಣ್ಣದಲ್ಲಿ ಎಳೆಯಿರಿ. 80 ಸೆಂ.ಮೀ. ಅಂತರದ ಎರಡು ಗೆರೆ, ಎಂಟು ಮೀಟರ್ ಉದ್ದ. ಕಾವಲಿನವರು ಒಳಗೆರೆಯ ಹಿಂದೆ ನಿಂತು ಪೇಪರ್ ಉಂಡೆ ಎಸೆಯಬೇಕು. ಮುಂದಕ್ಕೆ ಬಾಗಿ ಕೆಳಗೆ ನೋಡುವಂತಿಲ್ಲ, ಯಾಕೆಂದರೆ ನಿಜವಾದ ಕೋಟೆಯಲ್ಲಿ ಬಾಗಿದವನಿಗೆ ಬಾಣ ತಗಲುತ್ತದೆ. ಉಂಡೆ ಹೊರಗೆರೆ ದಾಟಿ ಒಂದು ಮೀಟರ್ ಆಚೆಗೆ ಬಿದ್ದರೆ ಮಾತ್ರ ಲೆಕ್ಕ. ದಾಳಿಯವರು ಗೋಡೆಗೆ ಒತ್ತಿ ಕೂತರೆ ಸಾಕು, ಯಾರೂ ಮುಟ್ಟಲಾರರು. ಇದನ್ನು ಮಕ್ಕಳು ಎರಡೇ ನಿಮಿಷದಲ್ಲಿ ಕಂಡುಹಿಡಿಯುತ್ತಾರೆ.

"ಈಗ ಏನು ಮಾಡೋಣ?" ಅಂತ ಕೇಳಿ. ಕಾಯಿರಿ. ಯಾರಾದರೂ ಒಬ್ಬರು ಗೋಡೆಯನ್ನು ಹೊರಕ್ಕೆ ಚಾಚೋಣ ಅನ್ನುತ್ತಾರೆ. ಆಗ ಎರಡು ಕೊತ್ತಲ ಬರೆಸಿ: ಒಂದೊಂದು 1 ಮೀಟರ್ ಅಗಲ, 60 ಸೆಂ.ಮೀ. ಮುಂದಕ್ಕೆ, ನಡುವೆ 6 ಮೀಟರ್ ಜಾಗ. ಇದು 20ಕ್ಕೆ 1ರ ಅಳತೆ. ಕೊತ್ತಲದಲ್ಲಿ ನಿಂತವರು ಪಕ್ಕಕ್ಕೆ ಎಸೆಯಬಹುದು. ಗೋಡೆಗೆ ಒತ್ತಿ ಕೂತವರಿಗೆ ಈಗ ಎರಡೂ ಕಡೆಯಿಂದ ಏಟು.

ಇಲ್ಲಿ ಒಂದು ಚಂದದ ಲೆಕ್ಕ ಇದೆ, ಬಿಡಬೇಡಿ. 13,740 ಮೀಟರನ್ನು 98ರಿಂದ ಭಾಗಿಸಿದರೆ ಸುಮಾರು 140. ಕೊತ್ತಲದ ಅಗಲ 20 ಕಳೆದರೆ ಎರಡರ ನಡುವೆ 120 ಮೀಟರ್. ಅದರ ಅರ್ಧ 60. ಬಿಲ್ಲುಗಾರ 60 ಮೀಟರ್‌ವರೆಗೆ ಗುರಿಯಿಟ್ಟು ಹೊಡೆದರೆ ಗೋಡೆಯ ಬುಡದಲ್ಲಿ ಒಂದು ಗೇಣೂ ಬಿಟ್ಟುಹೋಗುವುದಿಲ್ಲ.

ಇನ್ನು ಬಾಗಿಲು. ಬಾಗಿಲ ಮುಂದೆ ಇನ್ನೊಂದು ಗೋಡೆ ಸುತ್ತಿಸಿ ಅಂಗಳ ಮಾಡುತ್ತಿದ್ದರು. ಹೊರಬಾಗಿಲು ಮುರಿದು ನುಗ್ಗಿದವರು ಒಳಬಾಗಿಲ ಮುಂದೆ ಆ ಅಂಗಳದಲ್ಲಿ ಸಿಕ್ಕಿಹಾಕಿಕೊಳ್ಳುತ್ತಿದ್ದರು. ನಾಲ್ಕೂ ಕಡೆಯಿಂದ ಬಾಣ. ನಾನ್‌ಜಿಂಗ್‌ನ ಜೋಂಗ್‌ಹುವಾ ಬಾಗಿಲಿನಲ್ಲಿ ಇಂಥ ಮೂರು ಅಂಗಳ ಒಂದರ ಹಿಂದೊಂದು ಇವೆ, ಸೈನಿಕರನ್ನು ಅಡಗಿಸಿಡಲು 27 ಗುಹೆಯಂಥ ಕೋಣೆಗಳಿವೆ. ಗಾನ್ಸು ಪ್ರಾಂತ್ಯದ ಜಿಯಾಯುಗ್ವಾನ್ ಕೋಟೆಯಲ್ಲಿ ಅಂಗಳದ ಹೊರಬಾಗಿಲು ಪಕ್ಕಕ್ಕೆ ತಿರುಗಿದೆ, ನೇರ ನುಗ್ಗಲು ಬರುವುದಿಲ್ಲ. ಹಂಪಿಯ ಭೀಮನ ಬಾಗಿಲಿಗೆ ಪ್ರವಾಸ ಹೋಗಿದ್ದ ಮಕ್ಕಳಿದ್ದರೆ "ಅಲ್ಲೂ ಹಿಂಗೇ ತಿರುಗಬೇಕು" ಅನ್ನುತ್ತಾರೆ. ಹೌದು ಅನ್ನಿ. ಆದರೆ ಅವರು ಇವರನ್ನು ನೋಡಿ ಕಲಿತರು ಅನ್ನುವ ತೀರ್ಮಾನಕ್ಕೆ ಹೋಗಲು ಬಿಡಬೇಡಿ. ಬಾಗಿಲಿಗೆ ಬರುವ ತೊಂದರೆ ಎಲ್ಲ ಕಡೆ ಒಂದೇ, ಅದಕ್ಕೇ ಉಪಾಯವೂ ಹತ್ತಿರ ಹತ್ತಿರ ಬಂದಿದೆ.

## ಹಂತ 4: ಮೋಜಿಯ ಸೊಂಟಪಟ್ಟಿ

ಕ್ರಿ.ಪೂ. 5ನೇ ಶತಮಾನದ ಚಿಂತಕ ಮೋಜಿಯ ಕಥೆ ಹೇಳಿ. ಚೂ ಎಂಬ ದೊಡ್ಡ ರಾಜ್ಯ ಸೋಂಗ್ ಎಂಬ ಸಣ್ಣ ರಾಜ್ಯದ ಮೇಲೆ ದಂಡೆತ್ತಿ ಹೋಗಲು ಸಿದ್ಧವಾಗಿತ್ತು. ಗೋಂಗ್‌ಶು ಬಾನ್ ಎಂಬ ಕುಶಲಿ ಗೋಡೆ ಹತ್ತುವ ಏಣಿಯಂತ್ರ ಮಾಡಿಕೊಟ್ಟಿದ್ದ. ಸುದ್ದಿ ತಿಳಿದ ಮೋಜಿ ಹತ್ತು ಹಗಲು ಹತ್ತು ರಾತ್ರಿ ನಡೆದು ಚೂ ರಾಜಧಾನಿಗೆ ಬಂದ. ರಾಜನ ಮುಂದೆ ಸೊಂಟಪಟ್ಟಿ ಬಿಚ್ಚಿ ನೆಲದ ಮೇಲೆ ಕೋಟೆಯಂತೆ ಇಟ್ಟ. ಸಣ್ಣ ಕಡ್ಡಿಗಳು ಯಂತ್ರಗಳಾದವು. ಗೋಂಗ್‌ಶು ಬಾನ್ ಒಂಬತ್ತು ಬಗೆಯಲ್ಲಿ ದಾಳಿ ಮಾಡಿದ, ಮೋಜಿ ಒಂಬತ್ತನ್ನೂ ತಡೆದ. ಕೊನೆಗೆ ಮೋಜಿಯನ್ನೇ ಕೊಲ್ಲುವ ಯೋಚನೆ ಬಂದಾಗ ಅವನು ಹೇಳಿದ್ದು, ತನ್ನ 300 ಶಿಷ್ಯರು ಆಗಲೇ ಸೋಂಗ್ ಕೋಟೆಯ ಮೇಲೆ ಕಾಯುತ್ತಿದ್ದಾರೆ ಅಂತ. ರಾಜ ದಂಡಯಾತ್ರೆ ಕೈಬಿಟ್ಟ.

ಈಗ ಇಬ್ಬಿಬ್ಬರಿಗೆ ಒಂದು ಬೆಲ್ಟು, ಹತ್ತು ಕಡ್ಡಿ ಕೊಡಿ. ಒಬ್ಬರು ದಾಳಿ ಹೇಳಬೇಕು: ಏಣಿ, ಬಾಗಿಲಿಗೆ ದಿಮ್ಮಿ, ಸುರಂಗ, ಮಣ್ಣಿನ ದಿಬ್ಬ, ನೀರು ತಿರುಗಿಸುವುದು. ಇನ್ನೊಬ್ಬರು ತಡೆ ಹೇಳಬೇಕು. ನಿಯಮ ಒಂದೇ: ಯಾವುದರಿಂದ ಮಾಡಿದ್ದು, ಎಷ್ಟು ಜನ ಬೇಕು ಅಂತ ಹೇಳದಿದ್ದರೆ ಆ ಏಟು ಲೆಕ್ಕಕ್ಕಿಲ್ಲ. ಈ ನಿಯಮ ಇಲ್ಲದಿದ್ದರೆ ಆಟ ಲೇಸರ್ ಗನ್ನಿಗೆ ಹೋಗುತ್ತದೆ.

ಸುರಂಗದ ಮಾತು ಬಂದಾಗ ಗಡಿಗೆ ತೆಗೆಯಿರಿ. ಮೋಜಿಯ ಪಂಥದವರು ಕೋಟೆಯೊಳಗೆ ಬಾವಿಯಂತೆ ತೋಡಿ, ಬಾಯಿಗೆ ತೆಳು ಚರ್ಮ ಬಿಗಿದ ದೊಡ್ಡ ಗಡಿಗೆ ಇಟ್ಟು, ಚುರುಕು ಕಿವಿಯವರನ್ನು ಕೂರಿಸಿ ನೆಲದಡಿ ಅಗೆಯುವ ಸದ್ದು ಆಲಿಸುತ್ತಿದ್ದರು. ಗಡಿಗೆಯನ್ನು ಅರ್ಧ ಹೂತು, ಬಾಯಿಗೆ ಬಲೂನಿನ ರಬ್ಬರ್ ಬಿಗಿಯಿರಿ. ಹತ್ತು ಹೆಜ್ಜೆ ದೂರದಲ್ಲಿ ಒಬ್ಬರು ನೆಲಕ್ಕೆ ಕುಟ್ಟಲಿ. ಕಿವಿಯಿಟ್ಟು ಕೇಳಿದ ಮಗುವಿನ ಮುಖ ನೋಡಿ, ಸಾಕು.

## ಹಂತ 5: ಹತ್ತು ಮೀಟರ್ ಹಗ್ಗ

ಹಗ್ಗದ ಒಂದು ತುದಿ ಕ್ರಿ.ಪೂ. 3000, ಇನ್ನೊಂದು ತುದಿ ಕ್ರಿ.ಶ. 2000. ನೂರು ವರ್ಷಕ್ಕೆ 20 ಸೆಂ.ಮೀ. ಮಕ್ಕಳೇ ಲೆಕ್ಕ ಹಾಕಿ ಕ್ಲಿಪ್ ಸಿಗಿಸಲಿ. ಲಿಯಾಂಗ್‌ಜೂ ಶುರುವಿನಲ್ಲೇ. ಶಾನ್ಶಿ ಪ್ರಾಂತ್ಯದ ಶಿಮಾವ್ ಕಲ್ಲಿನ ಕೋಟೆ, ಕ್ರಿ.ಪೂ. 2300ರ ಹೊತ್ತಿನದು, 1.4 ಮೀಟರಿಗೆ. ಜೆಂಗ್‌ಜೌ 3 ಮೀಟರಿಗೆ. ರಾಜ್ಯ ರಾಜ್ಯಗಳ ನಡುವೆ ಗೋಡೆ ಕಟ್ಟಿಕೊಂಡ ಕಾಲ, ಅಂದರೆ ಚೀ, ಚೂ, ಜಾವ್, ಯಾನ್, ಚಿನ್ ರಾಜ್ಯಗಳ ಗೋಡೆಗಳು, 5 ಮೀಟರ್ ದಾಟಿದ ಮೇಲೆ. ಕ್ರಿ.ಪೂ. 221ರಲ್ಲಿ ಚಿನ್ ರಾಜ್ಯದ ರಾಜ ಚಿನ್ ಶಿ ಹುವಾಂಗ್ ಈ ರಾಜ್ಯಗಳನ್ನೆಲ್ಲ ಒಂದುಮಾಡಿದ, 5.56 ಮೀಟರ್. ಆಮೇಲೆ ಅವನ ಸೇನಾಪತಿ ಮೆಂಗ್ ಟಿಯಾನ್ ಉತ್ತರದ ಹಳೇ ಗೋಡೆಗಳನ್ನು ಕೂಡಿಸಿದ. ಮಿಂಗ್ ವಂಶ ಶುರುವಾದ 1368ಕ್ಕೆ ಬರಲು 8.74 ಮೀಟರ್‌ವರೆಗೆ ನಡೆಯಬೇಕು.

ಈಗ, ಈಗ ಮಾತ್ರ, ಬೀಜಿಂಗ್ ಹತ್ತಿರದ ಬಾದಾಲಿಂಗ್ ಇಟ್ಟಿಗೆ ಗೋಡೆಯ ಫೋಟೊ ತೋರಿಸಿ. ಯಾವ ಕ್ಲಿಪ್ಪಿಗೆ ಸಿಗಿಸುತ್ತೀರಿ ಅಂತ ಕೇಳಿ. ಅರ್ಧ ಜನ ಚಿನ್ ಶಿ ಹುವಾಂಗ್ ಕಡೆ ಓಡುತ್ತಾರೆ. ಸರಿಯಾದ ಜಾಗ ಮಿಂಗ್. ಚಿನ್ ಕ್ಲಿಪ್ಪಿನಿಂದ ಮಿಂಗ್ ಕ್ಲಿಪ್ಪಿಗೆ ನಡೆಸಿ. ಮೂರು ಮೀಟರಿಗೂ ಜಾಸ್ತಿ. ನಡುವೆ ಹಾನ್ (ಚಿನ್ ಆದಮೇಲೆ ಬಂದ ವಂಶ), ಉತ್ತರ ವೇಯ್, ಸುಯ್ ರಾಜವಂಶಗಳ ಕಾಲದವರು ಬೇರೆ ಬೇರೆ ಕಡೆ ಕಟ್ಟಿದ್ದಾರೆ. ಟಾಂಗ್ ವಂಶದವರು ಉದ್ದಗೋಡೆಯ ಗೋಜಿಗೆ ಹೆಚ್ಚು ಹೋಗಲೇ ಇಲ್ಲ.

ಉದ್ದದ ಲೆಕ್ಕವನ್ನೂ ಇಲ್ಲೇ ಬಿಡಿಸಿ. 2012ರಲ್ಲಿ ಚೀನಾ ಸರ್ಕಾರ ಹೇಳಿದ 21,196 ಕಿ.ಮೀ. ಎಲ್ಲ ಕಾಲದ ಎಲ್ಲ ತುಂಡುಗಳ ಮೊತ್ತ. ಮಿಂಗ್ ಕಾಲದ್ದು 8,851.8 ಕಿ.ಮೀ. ಅದರಲ್ಲೂ ಕಟ್ಟಿದ ಗೋಡೆ 6,259.6, ಕಂದಕ 359.7, ಬೆಟ್ಟ-ನದಿಯಂಥ ಸಹಜ ತಡೆ 2,232.5 ಕಿ.ಮೀ. ಮಕ್ಕಳು ಕೂಡಿಸಿ ನೋಡಲಿ.

ಒಂದು ಮಾತು ಖಂಡಿತ ಬರುತ್ತದೆ: "ಸತ್ತವರನ್ನು ಗೋಡೆಯೊಳಗೇ ಹೂಳುತ್ತಿದ್ದರಂತೆ." ಗಟ್ಟಿಯ ಕಡೆ ಕೈ ತೋರಿಸಿ. ಅದರೊಳಗೆ ಕೊಳೆಯುವ ವಸ್ತು ಇಟ್ಟರೆ ಏನಾಗುತ್ತದೆ? ಟೊಳ್ಳಾಗಿ ಕುಸಿಯುತ್ತದೆ. ಕಟ್ಟುವವರು ಹಾಗೆ ಮಾಡುವುದಿಲ್ಲ. ಆದರೆ ದುಡಿದವರು ಸತ್ತದ್ದು ಸುಳ್ಳಲ್ಲ. ಗಂಡ ಗೋಡೆ ಕೆಲಸದಲ್ಲಿ ಸತ್ತನೆಂದು ಅತ್ತು, ಕಣ್ಣೀರಿಗೆ ಗೋಡೆಯೇ ಕುಸಿದ ಮೆಂಗ್ ಜಿಯಾಂಗ್‌ನ್ಯು ಜನಪದ ಕಥೆಯನ್ನು ಇಲ್ಲಿ ಹೇಳಿ, ಕಥೆ ಅಂತಲೇ ಹೇಳಿ.

## ಹಂತ 6: ಗಡಿ ಕಾದವರು

ನಕ್ಷೆ ಹರಡಿ. ಹಾನ್ ಕಾಲದ ಗೋಡೆ ದುನ್‌ಹುವಾಂಗ್ ದಾಟಿ ಮರುಭೂಮಿಯವರೆಗೆ ಹೋಗುತ್ತದೆ. ಅಲ್ಲಿ ಒಳ್ಳೇ ಮಣ್ಣಿಲ್ಲ. ಜಲ್ಲಿ, ಮರಳಿನ ನಡುವೆ ಜೊಂಡು, ಪೊದೆಗಿಡದ ಕಡ್ಡಿಗಳನ್ನು ಹಾಸಿ ಪದರ ಪದರವಾಗಿ ಕಟ್ಟಿದರು. "ನಮ್ಮ ಮಣ್ಣು ಸಿಗದಿದ್ದರೆ ಏನು ಮಾಡುತ್ತಿದ್ದಿರಿ?" ಅಂತ ಮೊದಲು ಕೇಳಿ, ಆಮೇಲೆ ಇದನ್ನು ಹೇಳಿ.

ಗೋಡೆಯೇ ಶತ್ರುವನ್ನು ನಿಲ್ಲಿಸುತ್ತದೆ ಅಂದುಕೊಂಡಿರುವ ಮಕ್ಕಳಿಗೆ ಸುದ್ದಿ ಮುಟ್ಟಿಸುವ ಕೆಲಸ ತೋರಿಸಬೇಕು. ಹಗಲು ಹೊಗೆ, ರಾತ್ರಿ ಬೆಂಕಿ. ಮಿಂಗ್ ಕಾಲದ, 15ನೇ ಶತಮಾನದ ನಿಯಮ ಹೀಗಿತ್ತು: ನೂರರ ಆಸುಪಾಸಿನವರೆಗೆ ಶತ್ರುಗಳು ಬಂದರೆ ಒಂದು ಸನ್ನೆ, ಒಂದು ತೋಪಿನ ಸದ್ದು. 500ಕ್ಕೆ ಎರಡೆರಡು. ಸಾವಿರ ಮೀರಿದರೆ ಮೂರು, ಐದು ಸಾವಿರಕ್ಕೆ ನಾಲ್ಕು, ಹತ್ತು ಸಾವಿರಕ್ಕೆ ಐದು. ಶಾಲೆಯ ಮೂಲೆ ಮೂಲೆಗೆ ಒಬ್ಬೊಬ್ಬರನ್ನು ಬಟ್ಟೆ ಕೊಟ್ಟು ನಿಲ್ಲಿಸಿ, ಒಬ್ಬರಿಗೆ ಹಿಂದಿನವರು ಮಾತ್ರ ಕಾಣುವಂತೆ. ಗೇಟಿನಿಂದ ಮೇಷ್ಟ್ರ ಕೋಣೆಗೆ ಸುದ್ದಿ ಎಷ್ಟು ಹೊತ್ತಿಗೆ ಮುಟ್ಟಿತು, ಸಂಖ್ಯೆ ಸರಿಯಾಗಿ ಬಂತಾ ನೋಡಿ. ನಿಜವಾದ ಬೆಂಕಿ ಬೇಡವೇ ಬೇಡ.

ಹಾನ್ ಕಾಲದ ಗಡಿಯ ಜುಯಾನ್ ಎಂಬಲ್ಲಿ ಸಾವಿರಾರು ಮರದ ಪಟ್ಟಿಗಳು ಸಿಕ್ಕಿವೆ. ಸೈನಿಕರ ದಿನದ ಲೆಕ್ಕ ಅವುಗಳ ಮೇಲಿದೆ: ಕೊಟ್ಟ ಧಾನ್ಯ, ಕಾಯಿಲೆ ಬಿದ್ದವರು, ಕೆಟ್ಟುಹೋದ ಬಿಲ್ಲು. ಒಂದು ಪಟ್ಟಿ ಸುಮಾರು 23 ಸೆಂ.ಮೀ. ಉದ್ದ, ಒಂದು ಸೆಂ.ಮೀ. ಅಗಲ. ಅದೇ ಅಳತೆಯ ಬಿದಿರು ಪಟ್ಟಿಯಲ್ಲಿ ಮಕ್ಕಳು ಒಂದು ದಿನದ ಲೆಕ್ಕ ಬರೆದು ದಾರದಲ್ಲಿ ಹೆಣೆಯಲಿ. ಮೊದಲ ಸಲ ಎಲ್ಲರೂ ಯುದ್ಧ, ರಕ್ತ ಬರೆಯುತ್ತಾರೆ. ವಾಪಸ್ ಕೊಡಿ. "ಇವತ್ತು ಯಾರೂ ಬರಲಿಲ್ಲ. ಏನು ಬರೀತೀಯ?" ಅನ್ನಿ. ಆಗ ನೀರು, ಸೌದೆ, ಚಳಿ, ಮನೆಯಿಂದ ಬಾರದ ಕಾಗದ ಬರುತ್ತವೆ. ನನಗೆ ಈ ಪಟ್ಟಿಗಳೇ ಇಡೀ ಪಾಠದ ಅತ್ಯಂತ ಒಳ್ಳೆಯ ಭಾಗ.

ಸಮಯ ಇದ್ದರೆ ನಾನ್‌ಜಿಂಗ್ ಇಟ್ಟಿಗೆಗಳನ್ನೂ ತೋರಿಸಿ. 14ನೇ ಶತಮಾನದ ಆ ಕೋಟೆಯ ಎಷ್ಟೋ ಇಟ್ಟಿಗೆಗಳ ಮೇಲೆ ಊರು, ಅಧಿಕಾರಿ, ಗೂಡಿನಲ್ಲಿ ಸುಟ್ಟವನು, ಇಟ್ಟಿಗೆ ಮಾಡಿದವನು, ಎಲ್ಲರ ಹೆಸರೂ ಅಚ್ಚಾಗಿದೆ. ಇಟ್ಟಿಗೆ ಕೆಟ್ಟದಾಗಿದ್ದರೆ ಯಾರನ್ನು ಹಿಡಿಯಬೇಕೆಂದು ಗೊತ್ತಾಗುತ್ತಿತ್ತು. ಸುಣ್ಣದ ಗಾರೆಗೆ ಅಂಟಕ್ಕಿಯ ಗಂಜಿ ಸೇರಿಸುತ್ತಿದ್ದದ್ದನ್ನು ಬಾಯಲ್ಲಿ ಹೇಳಿದರೆ ಸಾಕು. ಸುಣ್ಣ ಕಣ್ಣು, ಚರ್ಮ ಸುಡುತ್ತದೆ, ಮಕ್ಕಳ ಕೈಗೆ ಕೊಡಬೇಡಿ.

## ಹಂತ 7: ಚಂದ್ರನ ಮಾತು ಬಂದಾಗ

ಹದಿನೈದು ನಿಮಿಷ ಸಾಕು. ಚೆನ್ನಾಗಿ ಕಾಣುವ ಕಣ್ಣು, ಒಂದು ವಸ್ತುವಿನ ಅಗಲದ ಸುಮಾರು 3,400 ಪಟ್ಟು ದೂರದವರೆಗೆ ಅದನ್ನು ಗುರುತಿಸಬಲ್ಲದು. ಗೋಡೆಯ ಅಗಲ 6 ಮೀಟರ್ ಅಂದುಕೊಳ್ಳಿ. 20 ಕಿ.ಮೀ. ಆಯಿತು. ಬಾಹ್ಯಾಕಾಶ ನಿಲ್ದಾಣ ಸುಮಾರು 400 ಕಿ.ಮೀ. ಮೇಲಿದೆ, ಚಂದ್ರ 3,84,000 ಕಿ.ಮೀ. ಉದ್ದ ಎಷ್ಟಿದ್ದರೂ ಅಗಲ ಸಾಲದು. 2003ರಲ್ಲಿ ಬಾಹ್ಯಾಕಾಶಕ್ಕೆ ಹೋದ ಚೀನಾದ ಯಾಂಗ್ ಲಿವೇಯ್ ಕೂಡ ತನಗೆ ಗೋಡೆ ಕಾಣಲಿಲ್ಲ ಎಂದೇ ಹೇಳಿದ್ದು. "ಅದು ಸುಳ್ಳು" ಅಂತ ಹೇಳಿ ಮುಗಿಸಬೇಡಿ, ಲೆಕ್ಕವನ್ನು ಮಕ್ಕಳೇ ಮಾಡಬೇಕು.

## ಹಂತ 8: ಗೋಡೆ ಕೈಕೊಟ್ಟ ದಿನಗಳು

ಇದನ್ನು ಬಿಟ್ಟರೆ ಪಾಠ ಅರ್ಧಕ್ಕೆ ನಿಂತಂತೆ. 1550ರಲ್ಲಿ ಮಂಗೋಲ್ ನಾಯಕ ಆಲ್ತಾನ್ ಖಾನ್ ಗಡಿ ದಾಟಿ ಬೀಜಿಂಗ್ ಹೊರವಲಯದವರೆಗೆ ಬಂದ. ಅವನು ಮತ್ತೆ ಮತ್ತೆ ಕೇಳುತ್ತಿದ್ದದ್ದು ವ್ಯಾಪಾರ. 1568ರಿಂದ ಮಿಂಗ್ ಸೇನಾಪತಿ ಚೀ ಜಿಗ್ವಾಂಗ್ ಸೈನಿಕರು ಒಳಗೇ ಉಳಿಯುವಂಥ, ಧಾನ್ಯ-ಆಯುಧ ಇಡುವಂಥ ಟೊಳ್ಳು ಬುರುಜುಗಳನ್ನು ಸಾಲಾಗಿ ಕಟ್ಟಿಸಿದ. 1571ರಲ್ಲಿ ಒಪ್ಪಂದವಾಗಿ ಗಡಿಯಲ್ಲಿ ಕುದುರೆ ಸಂತೆಗಳು ತೆರೆದವು. ಗಡಿ ತಣ್ಣಗಾಗಲು ಬುರುಜು ಕಾರಣವಾ, ಸಂತೆ ಕಾರಣವಾ? ಎರಡು ಗುಂಪು ಮಾಡಿ ವಾದಿಸಲು ಬಿಡಿ.

1644ರದ್ದು ಇನ್ನೂ ತೊಡಕು. ಬೀಜಿಂಗ್ ಬಿದ್ದದ್ದು ಒಳಗಿನ ದಂಗೆಕೋರ ಲಿ ಜಿಚೆಂಗ್ ಕೈಗೆ. ಆಮೇಲೆ ಸಮುದ್ರದ ದಡದ ಶಾನ್‌ಹಾಯ್‌ಗ್ವಾನ್ ಬಾಗಿಲನ್ನು ಮಿಂಗ್ ಸೇನಾಪತಿ ವೂ ಸಾನ್‌ಗ್ವೇಯ್‌ಯೇ ಈಶಾನ್ಯದಿಂದ ಬಂದ ಮಂಚೂ ಜನರಿಗೆ ತೆರೆದ. ಗೋಡೆ ಮುರಿಯಲಿಲ್ಲ. ಯಾಕೆ ತೆರೆದ ಅನ್ನುವುದನ್ನು ಮಕ್ಕಳು ನಕ್ಷೆ ಇಟ್ಟುಕೊಂಡು ಊಹಿಸಲಿ: ಹಿಂದೆ ದಂಗೆಕೋರರು, ಮುಂದೆ ಮಂಚೂಗಳು.

ಇಲ್ಲಿ ಬಾಯಿ ಬಿಗಿ ಹಿಡಿಯಬೇಕಾದ ಜಾಗ ಒಂದಿದೆ. ಉತ್ತರದವರನ್ನು 'ಕಾಡು ದರೋಡೆಕೋರರು' ಅನ್ನಬೇಡಿ. ಶಿಯೋಂಗ್‌ನು, ಮಂಗೋಲರು ಪಶುಪಾಲಕರು. ಅವರಿಗೆ ಧಾನ್ಯ, ಬಟ್ಟೆ, ಲೋಹ ಬೇಕಿತ್ತು. ಚೀನೀಯರಿಗೆ ಕುದುರೆ ಬೇಕಿತ್ತು. ಎಷ್ಟೋ ಕಡೆ ಗೋಡೆ ಅವರ ಹುಲ್ಲುಗಾವಲನ್ನೇ ಒಳಗೆ ಹಾಕಿಕೊಂಡಿತ್ತು.

## ಪಾಠ ತಲುಪಿತಾ ನೋಡುವುದು

ಮೊದಲ ದಿನದ ಕಾಗದ ವಾಪಸ್ ಕೊಟ್ಟು, ಹಿಂದುಗಡೆ ಅದೇ ಪ್ರಶ್ನೆಗೆ ಮತ್ತೆ ಚಿತ್ರ ಬರೆಸಿ. ಪದರದ ಗೆರೆ, ಕೊತ್ತಲ, ಬಾಗಿಲ ಅಂಗಳ, ಒಂದಕ್ಕಿಂತ ಜಾಸ್ತಿ ಕಾಲ, ಗೋಡೆಯ ಮೇಲೆ ಜನ, ಇವುಗಳಲ್ಲಿ ಮೂರಾದರೂ ಬಂದಿದ್ದರೆ ಸರಿಯಾಗಿದೆ. ಇಸವಿ ಬಾಯಿಪಾಠ ಕೇಳಬೇಡಿ. "ಮರಳುಗಾಡಿನಲ್ಲಿ ಗೋಡೆ ಕಟ್ಟಬೇಕು, ನಿನ್ನ ಹತ್ತಿರ 50 ಜನ ಇದ್ದಾರೆ, ಮೊದಲು ಏನು ಮಾಡ್ತೀಯ?" ಅಂತ ಕೇಳಿ. ನೀರು ಎಲ್ಲಿದೆ ಅಂತ ವಾಪಸ್ ಕೇಳಿದ ಮಗು ಪಾಠ ಕಲಿತಿದೆ.

ಇನ್ನೂ "ಚಿನ್ ಶಿ ಹುವಾಂಗ್ ಮಹಾಗೋಡೆ ಕಟ್ಟಿಸಿದ" ಅಂತ ಒಂದೇ ಸಾಲಿನಲ್ಲಿ ಬರೆಯುತ್ತಿದ್ದರೆ ಹಂತ 5 ಅವಸರದಲ್ಲಿ ಆಗಿದೆ, ಹಗ್ಗ ಮತ್ತೆ ಕಟ್ಟಿ. ಚಿತ್ರದಲ್ಲಿ ಗೋಡೆ ಚೆನ್ನಾಗಿದ್ದು ಒಬ್ಬ ಮನುಷ್ಯನೂ ಇಲ್ಲದಿದ್ದರೆ ಹಂತ 6 ಸಾಲಲಿಲ್ಲ ಅಂತ ಅರ್ಥ.

ಎರಡೇ ಪೀರಿಯಡ್ ಸಿಗುವ ಶಾಲೆಗಳೂ ಇವೆ. ಆಗ ಹಂತ 2 ಮತ್ತು ಹಂತ 5 ಮಾತ್ರ ಮಾಡಿ. ಮಣ್ಣು ಬಡಿಯುವ ದಿನ ಎರಡು ತರಗತಿ ಸೇರಿಸಿಕೊಳ್ಳಬೇಡಿ, ಒಬ್ಬ ಮೇಷ್ಟ್ರ ಕಣ್ಗಾವಲಿನಲ್ಲಿ 30ಕ್ಕಿಂತ ಜಾಸ್ತಿ ಮಕ್ಕಳಿಗೆ ದಿಮ್ಮಸು ಕೊಡುವುದು ಅಪಾಯ. ಮಳೆಗಾಲದಲ್ಲಾದರೆ ಮಣ್ಣನ್ನು ಎರಡು ದಿನ ಮೊದಲೇ ಒಳಗೆ ಹರಡಿ ಒಣಗಿಸಿಟ್ಟುಕೊಳ್ಳಿ.